ಚಿತ್ರದ ಕೆಳಗಿನ ದಸ್ಕತ್ತು

ಸಿಂಧನೂರಿನ ಅಂಗಡಿಗಳ ಹೆಸರುಗಳನ್ನೆಲ್ಲ ಕೈಯಿಂದಲೇ ಬರೆಯುತ್ತಿದ್ದ ಕಾಲ ಅದು. ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಖಾನಾವಳಿ, ರೈಸ್ ಮಿಲ್ಲಿನ ಕಾಂಪೌಂಡು, ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿ, ಎಲ್ಲಿ ನೋಡಿದರೂ ಯಾರದೋ ಒಬ್ಬರ ಕೈ ಕಾಣುತ್ತಿತ್ತು. ಅಕ್ಷರ ನೋಡಿಯೇ ಇದು ಇಂಥವರು ಬರೆದದ್ದು ಎಂದು ಹೇಳುವಷ್ಟು ಊರಿನವರಿಗೆ ಗುರುತಿತ್ತು. ದೀರ್ಘದ ಬಾಲ ಕುಡುಗೋಲಿನ ಹಾಗೆ ಬಾಗಿದ್ದರೆ ಅದು ನಮ್ಮಪ್ಪನದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಪೇಂಟರ್ ಈರಣ್ಣ ಎಂದರೆ ಸಾಕಿತ್ತು. ಕುಷ್ಟಗಿ ರಸ್ತೆಯಲ್ಲಿ ನಮ್ಮ ಮನೆ, ಮನೆಯ ಮುಂದಿನ ತಗಡಿನ ಚಪ್ಪರವೇ ಅಪ್ಪನ ಅಂಗಡಿ.

ನಾನು ನಾಲ್ಕನೇ ತರಗತಿಯಲ್ಲಿದ್ದ ವರ್ಷ ದೀಪಾವಳಿಯಿಂದ ಎಳ್ಳಮಾಸಿಯವರೆಗೆ, ಎಂದರೆ ಎಳ್ಳು ಅಮಾವಾಸ್ಯೆಯವರೆಗೆ, ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಹೊರಗೆ ಇದನ್ನು ನಾನು ಯಾರಿಗೂ ಹೇಳಿಲ್ಲ. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ನೋಡದೇ ಇದ್ದದ್ದನ್ನು ನೋಡಿದೆ ಎನ್ನುವುದಿಲ್ಲ.

ಮೊದಲು ಅಪ್ಪನ ಕೆಲಸದ ಕ್ರಮ ಹೇಳಬೇಕು. ತಗಡಿಗೆ ಬಣ್ಣ ಬಳಿದು ಎರಡು ದಿನ ಒಣಗಿಸುವುದು. ಬಟ್ಟೆಗೆ ಹಾಕುವ ನೀಲಿಯಲ್ಲಿ ದಾರ ಅದ್ದಿ, ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಬಿಟ್ಟರೆ ತಗಡಿನ ಮೇಲೆ ಟಪ್ಪೆಂದು ನೇರ ಗೆರೆ ಬೀಳುತ್ತಿತ್ತು. ಆ ಗೆರೆಗಳ ನಡುವೆ ಪೆನ್ಸಿಲ್ಲಿನಲ್ಲಿ ಅಕ್ಷರದ ಆಕಾರ. ಆಮೇಲೆ ಬ್ರಷ್ಷು, ಆಯಿಲ್ ಪೇಂಟು, ಚಿಮಣಿ ಎಣ್ಣೆಯ ವಾಸನೆ. ಅಕ್ಷರ ಒಣಗಿದ ಮೇಲೆ ಸುತ್ತ ಉಳಿದ ಪೆನ್ಸಿಲ್ಲಿನ ಗೆರೆಗಳನ್ನು ತೆಗೆಯಬೇಕು. ರಬ್ಬರಿನಿಂದ ಉಜ್ಜಿದರೆ ಬಣ್ಣದ ಹೊಳಪು ಹೋಗುತ್ತದೆ. ಹಾಗಾಗಿ ಅಪ್ಪ ಗೋದಿ ಹಿಟ್ಟನ್ನು ಗಟ್ಟಿಯಾಗಿ ನಾದಿಸಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿಸಿಕೊಂಡು, ಅದನ್ನು ಗೆರೆಯ ಮೇಲೆ ಒತ್ತಿ ಎತ್ತುತ್ತಿದ್ದ. ಪೆನ್ಸಿಲ್ಲಿನ ಕರಿಯೆಲ್ಲ ಹಿಟ್ಟಿಗೆ ಅಂಟಿಕೊಂಡು ಬರುತ್ತಿತ್ತು. ನನಗೆ ಕೈ ಕೂತ ಮೇಲೆ ಈ ಕಡೆಯ ಕೆಲಸ ನನ್ನದಾಯಿತು.

"ಒತ್ತಬೇಕು, ಎತ್ತಬೇಕು. ಉಜ್ಜಬಾರದು," ಎನ್ನುತ್ತಿದ್ದ ಅಪ್ಪ. "ಗೆರಿ ಉಳೀತಂದ್ರ ಕೆಲಸ ಉಳೀತಂತ ತಿಳಿ."

ಅವ್ವನಿಗೆ ಮಾತ್ರ ಹಿಟ್ಟಿನ ಲೆಕ್ಕಾಚಾರವೇ ಬೇರೆ. "ನಾವು ಜ್ವಾಳ ತಿನ್ನೋದು, ನಿಮ್ಮ ಬೋರ್ಡು ಗೋದಿ ತಿನ್ನೋದು. ಭಾರಿ ಐತ್ರಿ ನಿಮ್ಮ ದರ್ಬಾರು," ಎಂದು ಉಂಡೆಯನ್ನು ನನ್ನ ಕೈಗೆ ತಟ್ಟನೆ ಇಡುತ್ತಿದ್ದಳು.

ಹಿಂದಿನ ವರ್ಷದ ಚಳಿಗಾಲದಲ್ಲಿ ಅಪ್ಪ ಮಸ್ಕಿಯಲ್ಲಿ, ಬಸ್ ನಿಲ್ದಾಣದ ಹತ್ತಿರ, ಒಬ್ಬ ಟೇಲರನ ಬೋರ್ಡು ಬರೆಯುತ್ತಿದ್ದ. ಶಾಲೆಗೆ ರಜೆಯಿತ್ತು, ನಾನೂ ಜೊತೆಗಿದ್ದೆ. ಮಸ್ಕಿಯ ಗುಡ್ಡದ ಕಲ್ಲಿನ ಮೇಲಿನ ಅಶೋಕನ ಶಾಸನ ನೋಡಲು ಬಂದಿದ್ದ ಪರದೇಶದ ಹೆಂಗಸೊಬ್ಬರು ಬಸ್ಸು ತಪ್ಪಿಸಿಕೊಂಡು ಅಲ್ಲಿ ನಿಂತಿದ್ದರು. ಜೊತೆಯಲ್ಲಿ ಮಸ್ಕಿ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ್ ಸಂಗಪ್ಪ ಇದ್ದರು. ಅಪ್ಪ ಎಡದಿಂದ ಕನ್ನಡ ಬರೆದ, ಅದರ ಕೆಳಗೆ ಇಂಗ್ಲಿಷ್ ಬರೆದ, ಆಮೇಲೆ ನಿಚ್ಚಣಿಕೆಯನ್ನು ಆ ತುದಿಗೆ ಸರಿಸಿಕೊಂಡು ಬಲದಿಂದ ಉರ್ದು ಬರೆಯತೊಡಗಿದ. ಉರ್ದು ಅಕ್ಷರಗಳನ್ನು ಟೇಲರ್ ಒಂದು ಚೀಟಿಯಲ್ಲಿ ಬರೆಸಿ ತಂದುಕೊಟ್ಟಿದ್ದ. ಆ ಹೆಂಗಸು ಹತ್ತಿರ ಬಂದು ಕತ್ತೆತ್ತಿ ನಿಂತರು. ಮುಂದಿನ ಬಸ್ಸೂ ಬಂದು ಹೋಯಿತು. ಅವರು ಹತ್ತಲಿಲ್ಲ.

"ಈರಣ್ಣಾ, ನಿಮಗ ಮೂರೂ ಭಾಷಾ ಬರ್ತಾವೇನಂತ ಕೇಳಾಕತ್ತಾರ," ಎಂದರು ಸಂಗಪ್ಪ ಮಾಸ್ತರ್.

"ಬರಿಯಾಕ ಮೂರೂ ಬರ್ತಾವ್ರಿ. ಓದಾಕ ಒಂದೇ," ಎಂದ ಅಪ್ಪ ಮೇಲಿನಿಂದಲೇ.

ಮಾಸ್ತರ್ ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಅವರು ಎಷ್ಟು ಜೋರಾಗಿ ನಕ್ಕರೆಂದರೆ, ಎದುರಿನ ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದವರು ಎದ್ದು ಬಂದು ನೋಡಿದರು. ಅವರ ಊರು ಫ್ರಾನ್ಸಿನಲ್ಲಿ. ಅವರ ತಂದೆಯೂ ಚಿತ್ರಕಾರರು, ಮನುಷ್ಯರ ಚಿತ್ರ ಬರೆಯುವವರು. ಮನೆಯಲ್ಲಿ ಕೂತವರು, ಕೆಲಸ ಮಾಡುವವರು, ಅಂಥವರನ್ನೇ ಬರೆಯುತ್ತಾರೆ. ಇಷ್ಟು ಗೊತ್ತಾಯಿತು. ನಮ್ಮ ವಿಳಾಸ ಬರೆದುಕೊಂಡು ಹೋದರು. ಅವರ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಮನೆಯಲ್ಲಿ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಅವರಿಗೆ ಫ್ರಾನ್ಸಬಾಯಿ ಎಂದು ಹೆಸರಿಟ್ಟಳು. ಹಾಗೇ ಉಳಿಯಿತು.

ವರ್ಷ ತಿರುಗಿ ದೀಪಾವಳಿ ಮುಗಿದ ವಾರ. ಪೋಸ್ಟ್‌ಮನ್ ಸೈಕಲ್ಲಿಗೆ ಒಂದು ಉದ್ದನೆಯ ರಟ್ಟಿನ ಕೊಳವೆ ಕಟ್ಟಿಕೊಂಡು ಬಂದ.

"ಈರಣ್ಣಾ, ಪರದೇಶದಿಂದ ನಿನಗ ತೋಪು ಬಂದೈತಿ. ಮದ್ದು ತುಂಬಿ ಐತೋ ಏನೋ, ದೂರ ನಿಂತು ಬಿಚ್ಚು!"

ಅಪ್ಪ ಕೈ ತೊಳೆದುಕೊಂಡು ಬಂದು ಬಿಚ್ಚಿದ. ಒಳಗೆ ಸುರುಳಿ ಸುತ್ತಿದ ದಪ್ಪ ಕಾಗದ. ಹಳೆಯ ಪುಸ್ತಕದ ಪೆಟ್ಟಿಗೆ ತೆರೆದಾಗ ಬರುವ ವಾಸನೆ ಬಂತು. ಹಾಸಿಗೆಯ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಡಬ್ಬಿ ಇಟ್ಟೆವು. ಒಬ್ಬ ಹೆಂಗಸು ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ನೀಲಿ ಅಂಗಿ, ಮುಂದೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಾಳೆ. ಉಡಿಯಲ್ಲಿ ಕಾಯಿಗಳು, ಬೆರಳಲ್ಲಿ ಕಾಳು ಬಿಡಿಸುತ್ತಿದ್ದಾಳೆ. ಒಂದು ಕಾಲು ಚಪ್ಪಲಿಯಿಂದ ಹೊರಗಿದೆ. ಕಿಟಕಿಯ ಬೆಳಕು ಆ ಪಾದದ ಮೇಲೆ ಬಿದ್ದಿದೆ. ಕೆಳಗೆ ದೊಡ್ಡ ಪರದೇಶದ ಅಕ್ಷರ, ಸಣ್ಣ ಅಕ್ಷರ, ನಾನು ಹುಟ್ಟುವುದಕ್ಕೂ ಎಷ್ಟೋ ಹಿಂದಿನ ಒಂದು ಇಸವಿ. ಬಲಕ್ಕೆ, ಬಿಳಿ ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ ಏನೋ ಗೀಚಿತ್ತು. ಗುಬ್ಬಿ ಕೆದರಿದ ಹಾಗೆ.

ಆಯಿ ಬಗ್ಗಿ ನೋಡಿದಳು. "ಯವ್ವಾ, ಈಕಿ ಕಾಳು ಬಿಡಸಾಕತ್ತಾಳಲ್ಲೇ! ಅವರ ದೇಶದಾಗೂ ಅವರಿಕಾಯಿ ಅದಾವೇನು? ಇದನ್ನ ನೋಡಾಕ ಅಷ್ಟು ದೂರಿಂದ ಕಳಿಸಬೇಕೇನು, ದಿನಾ ನಮ್ಮ ಕಟ್ಟಿ ಮ್ಯಾಲ ನಾನಽ ಕುಂತಿರ್ತೀನಿ."

ಅಪ್ಪ ಕೇಳಿಸಿಕೊಳ್ಳಲಿಲ್ಲ. ಅವನು ಆ ಪಾದವನ್ನೇ ನೋಡುತ್ತ ನನ್ನನ್ನು ಹತ್ತಿರ ಕರೆದ. "ಶರಣಿ, ಇಲ್ಲಿ ನೋಡು. ಪಾದಕ್ಕ ಒಂದಾದರೂ ಗೆರಿ ಐತೇನು? ಇಲ್ಲ. ಬಣ್ಣದಾಗಽ ಕೂಡಿಸ್ಯಾನ. ಗೆರಿ ಕಾಣದಂಗ ಮಾಡ್ಯಾನ."

ಇದನ್ನು ಅಪ್ಪ ಹೇಳಿದ್ದು ನಿಜ. ನಾನು ಕೇಳಿದ್ದು ನಿಜ.

ಕೊಳವೆಯಲ್ಲಿ ಇಂಗ್ಲಿಷಿನ ಒಂದು ಕಾಗದವೂ ಇತ್ತು. ಅದನ್ನು ಓದಲು ಮುಂದಿನ ಭಾನುವಾರ ಸಂಗಪ್ಪ ಮಾಸ್ತರ್ ಮಸ್ಕಿಯಿಂದ ಬಂದರು. ಅರ್ಧ ಓದುವಷ್ಟರಲ್ಲಿ ಅಪ್ಪ ನನ್ನನ್ನು ಚಾ ತರಲು ಕಳಿಸಿದ. ನಾನು ಕೇಳಿದ ಅರ್ಧದಲ್ಲಿ ಇದ್ದದ್ದು ಇಷ್ಟು: ಎಳ್ಳಮಾಸಿ ಹೊತ್ತಿಗೆ ಅವರು ಮತ್ತೆ ಮಸ್ಕಿಗೆ ಬರುತ್ತಾರೆ, ನಮ್ಮ ಮನೆಗೂ ಬರುತ್ತಾರೆ, ಚಿತ್ರ ನಮ್ಮ ಗೋಡೆಯ ಮೇಲೆ ಇರುವುದನ್ನು ಫೋಟೊ ತೆಗೆದು ತಂದೆಗೆ ತೋರಿಸುತ್ತಾರೆ. ನಾನು ಕೇಳದ ಅರ್ಧ ಆಮೇಲೆ ಗೊತ್ತಾಯಿತು. ಆ ಚಿತ್ರ ಅವರ ತಂದೆಯದೇ. ಬಹಳ ಹಿಂದೆ ನಡೆದ ಅವರದೊಂದು ಪ್ರದರ್ಶನಕ್ಕಾಗಿ ಅಚ್ಚು ಹಾಕಿಸಿದ ಕಾಗದ ಅದು. ಮಗಳು ಮಸ್ಕಿಯ ಪೇಂಟರನ ಕಥೆ ಹೇಳಿದಾಗ ಮುದುಕರು ಖುಷಿಪಟ್ಟು, ಉಳಿದಿದ್ದ ಹಳೆಯ ಪ್ರತಿಯೊಂದನ್ನು ತೆಗೆಸಿ, ನಡುಗುವ ಕೈಯಲ್ಲೇ ಪೆನ್ಸಿಲ್ ಹಿಡಿದು, ಅಪ್ಪನಿಗಾಗಿ ಕೆಳಗೆ ದಸ್ಕತ್ತು ಹಾಕಿದ್ದರು. ಇದನ್ನು ಮಾಸ್ತರ್ ಓದುವಾಗ ನಾನು ಚಾದ ಕಿಟ್ಲಿ ಹಿಡಿದು ಹೋಟೆಲಿನ ಮುಂದೆ ನಿಂತಿದ್ದೆ.

ಅಷ್ಟು ದೊಡ್ಡ ಗಾಜಿನ ಚೌಕಟ್ಟು ಸಿಂಧನೂರಿನಲ್ಲಿ ಸಿಗಲಿಲ್ಲ. ತಿಂಗಳ ಮೇಲೆ ಅಪ್ಪನಿಗೆ ಲಿಂಗಸುಗೂರಿನಲ್ಲಿ ಮೂರು ದಿನದ ಕೆಲಸ ಬಂತು. ಅಳತೆ ತೆಗೆದುಕೊಂಡು, ಅಲ್ಲೇ ಮಾಡಿಸಿ ತರುತ್ತೇನೆಂದು ಹೊರಟ. ಚಿತ್ರವನ್ನು ಹಲಗೆಯ ಮೇಲೆ ಹಾಸಿ, ಮೇಲೆ ಅವ್ವನ ಹಳೆಯ ಸೀರೆ ಹೊದಿಸಿದ. ಅದು ಭತ್ತದ ಸುಗ್ಗಿ. ರೈಸ್ ಮಿಲ್ಲುಗಳ ಹೊಟ್ಟಿನ ಕರಿ ಬೂದಿ ಊರಿನ ಮೇಲೆಲ್ಲ ಹಾರಿ ಬೀಳುತ್ತಿತ್ತು.

"ಬೂದಿ ಕುಂದ್ರದಂಗ ನೋಡ್ಕೋ. ನಾ ಬರೋದ್ರಾಗ ಚೊಕ್ಕ ಇರ್ಬೇಕು," ಎಂದು ನನಗೆ ಹೇಳಿ ಬಸ್ಸು ಹತ್ತಿದ.

ಮೂರನೇ ದಿನ ಬೆಳಿಗ್ಗೆ ಅವ್ವ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಅಪ್ಪ ಸಂಜೆಗೆ ಬರುವವನಿದ್ದ. ನಾನು ಒಂದು ಉಂಡೆ ಕೇಳಿದೆ. ಯಾಕೆಂದು ಅವ್ವ ಕೇಳಲಿಲ್ಲ. ನಾನು ಹಿಟ್ಟು ಕೇಳುವುದು ನಮ್ಮ ಮನೆಯಲ್ಲಿ ಹೊಸದಲ್ಲ.

ಸೀರೆ ಸರಿಸಿದೆ. ಬೂದಿ ಬಿದ್ದಿರಲಿಲ್ಲ. ಚಿತ್ರದಲ್ಲಿ ಅಪ್ಪ ಹೇಳಿದ ಹಾಗೆ ಒಂದೂ ಗೆರೆ ಇರಲಿಲ್ಲ. ಅಂಚಿನಲ್ಲಿ ಮಾತ್ರ ಆ ಪೆನ್ಸಿಲ್ಲು ಉಳಿದಿತ್ತು. ನನಗೆ ಅನ್ನಿಸಿದ್ದನ್ನು ಹಾಗೇ ಹೇಳುತ್ತೇನೆ: ಪಾಪ, ಮುದುಕರು, ಮರೆತಿದ್ದಾರೆ. ಅವರ ಊರಿನಲ್ಲಿ ಗೆರೆ ತೆಗೆಯಲು ಅವರಿಗೆ ಯಾರೂ ಇಲ್ಲ.

ಒತ್ತಿದೆ, ಎತ್ತಿದೆ. ಉಜ್ಜಲಿಲ್ಲ. ಬಲದಿಂದ ಎಡಕ್ಕೆ ಬಂದೆ. ಅದು ತಗಡಿಗಿಂತ ಸುಲಭವಾಗಿ ಬಂತು. ಉಂಡೆ ಬೂದು ಬಣ್ಣಕ್ಕೆ ತಿರುಗಿತು. ಮುಗಿದಾಗ ಅಂಚು ಹಾಲಿನ ಹಾಗೆ ಬೆಳ್ಳಗಿತ್ತು. ಉಂಡೆಯನ್ನು ಅಂಗಳದ ಕೋಳಿಗೆ ಹಾಕಿದೆ. ಅದು ಎರಡು ಸಲ ಕುಕ್ಕಿ, ನುಂಗಿ ಹೋಯಿತು.

ಅಪ್ಪ ಬಂದದ್ದು ಇನ್ನೂ ಬಿಸಿಲಿದ್ದಾಗ. ಚೌಕಟ್ಟನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲ ಕೂಸಿನ ಹಾಗೆ ಹಿಡಿದುಕೊಂಡು ಬಂದಿದ್ದ. ನಾನು ಅವನಿಗಿಂತ ಮುಂದೆ ಓಡಿ ಸೀರೆ ತೆಗೆದೆ.

ಅಪ್ಪ ನೋಡಿದ. ಬಗ್ಗಿ ನೋಡಿದ. ಬೆರಳನ್ನು ಅಂಚಿನ ಹತ್ತಿರ ಒಯ್ದು, ಮುಟ್ಟದೆ ಹಿಂದೆ ತೆಗೆದುಕೊಂಡ.

"ಇಲ್ಲಿ ಬರದಿದ್ದು ಎಲ್ಲೈತಿ?"

"ತಗದೀನಿ ಅಪ್ಪಾ. ಒಂದೂ ಗೆರಿ ಉಳಿದಿಲ್ಲ ನೋಡು."

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಹಲಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಅವನು ಹಾಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕೆಲಸ ಇಲ್ಲದೆ, ಕೈಯಲ್ಲಿ ಏನೂ ಇಲ್ಲದೆ. ಆಮೇಲೆ ನನ್ನನ್ನು ಹತ್ತಿರ ಕರೆದು ಹೇಳಿದ.

"ಅವ್ವೀ, ಆ ಚಿತ್ರ ಎಲ್ಲಾ ಮಷೀನಿನ್ಯಾಗ ಅಚ್ಚು ಹಾಕಿದ್ದು. ಅದರಾಗ ಆ ಮನುಷ್ಯಾನ ಕೈ ಇದ್ದದ್ದು ಅದೊಂದಽ. ನನ್ನ ಸಲುವಾಗಿ ಹಾಕಿದ ದಸ್ಕತ್ತು ಅದು."

ನಾನು ಅಳಲಿಲ್ಲ. ಅಳು ಬರಲಿಲ್ಲ. ನಾನು ಅಂಗಳಕ್ಕೆ ಹೋಗಿ ಕೋಳಿಯನ್ನು ನೋಡುತ್ತ ನಿಂತೆ. ಕೇಳಿದವರು ನಗಬಹುದು. ಅದರ ಹೊಟ್ಟೆಯಲ್ಲಿ ಅದು ಇನ್ನೂ ಇದೆ ಎಂದು ನನಗೆ ಅನ್ನಿಸಿತ್ತು.

ಹಿಂದಿನಿಂದ ಅಪ್ಪ ಬಂದ. "ನಿಂದೇನೂ ತಪ್ಪಿಲ್ಲ. ಕಲಿಸಿದಾಂವ ನಾನು. ಯಾವ ಗೆರಿ ತೆಗೀಬಾರದು ಅಂಬೋದು ಕಲಿಸಿಲ್ಲ."

ಆ ರಾತ್ರಿ ಯಾರೂ ಚಪಾತಿ ತಿನ್ನಲಿಲ್ಲ.

ಎಳ್ಳಮಾಸಿಗೆ ಇನ್ನು ಮೂರು ವಾರ ಇತ್ತು. ಫ್ರಾನ್ಸಬಾಯಿ ಬಂದು ನೋಡಿದರೆ ಏನು ಹೇಳುವುದು? ಕೊಟ್ಟವರ ಕೈಯನ್ನೇ ಒರೆಸಿ ಹಾಕಿದೆವು ಎಂದು ಹೇಗೆ ಹೇಳುವುದು? ಅವ್ವ, ನಡೆದದ್ದನ್ನು ಹೇಳಿಬಿಡಿ ಎಂದಳು. ಅಪ್ಪ ಹೂಂ ಎನ್ನಲಿಲ್ಲ. ಅವನು ಅವರಿಗೆ ನೋವಾಗುತ್ತದೆಂದು ಹೆದರಿದ್ದ. ಜೊತೆಗೆ, ನನ್ನನ್ನು ಎಲ್ಲರ ಮುಂದೆ ನಿಲ್ಲಿಸಬೇಕಾಗುತ್ತದೆಂದೂ ಹೆದರಿದ್ದ ಎಂದು ಈಗ ನನಗೆ ತೋರುತ್ತದೆ. ಆಗ ಅದು ನನಗೆ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಅಪ್ಪ ಹಲಗೆಯನ್ನು ಬಾಗಿಲ ಹತ್ತಿರ ತಂದು ಓರೆಯಾಗಿ ಇಟ್ಟ. ನಮ್ಮ ಬಾಗಿಲು ಪೂರ್ವಕ್ಕೆ. ಬಿಸಿಲು ಕಾಗದದ ಮೇಲೆ ಅಡ್ಡ ಹರಿಯಿತು. ಆಗ ಕಂಡಿತು. ಪೆನ್ಸಿಲ್ಲು ಹೋಗಿತ್ತು, ಆದರೆ ಒತ್ತಿ ಬರೆದ ದಾರಿ ಕಾಗದದಲ್ಲಿ ಉಳಿದಿತ್ತು. ಹಸಿ ನೆಲದ ಮೇಲೆ ಹುಳ ಹರಿದು ಹೋದ ಹಾಗೆ ಸಣ್ಣ ಕಾಲುವೆ.

"ಬಂತು," ಎಂದ ಅಪ್ಪ. "ಇದರಾಗಽ ಹೋದ್ರ ಸಾಕು."

ಮೊದಲು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅಭ್ಯಾಸ ಮಾಡಿದ. ಅಕ್ಷರ ಓದಲು ಬರದಿದ್ದರೂ ಆಕಾರ ಅವನಿಗೆ ಎರಡು ದಿನಕ್ಕೇ ಒಲಿಯಿತು. ಆದರೆ ಆ ಕಾಲುವೆ ನಡುಗುತ್ತ ಹೋಗಿತ್ತು. ಅಪ್ಪನ ಕೈಯೋ, ನಿಚ್ಚಣಿಕೆಯ ಮೇಲೆ ಗಾಳಿಗೆ ಮೈ ತೂಗಿದರೂ ಅಕ್ಷರ ತೂಗದ ಕೈ. ಎಷ್ಟು ಬರೆದರೂ ದಸ್ಕತ್ತು ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತಿತ್ತು.

"ನಡುಕ ಬರವಲ್ದು," ಎಂದು ಪೆನ್ಸಿಲ್ ಇಟ್ಟ.

"ನನ್ನ ಕೈಲೆ ಬರಸಪ್ಪಾ," ಎಂದಳು ಆಯಿ ಕಟ್ಟೆಯಿಂದ. "ಅದು ಬ್ಯಾಡಂದ್ರೂ ನಡಗತೈತಿ."

ಮೂರು ವಾರದಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಅವ್ವ ನಗಲಿಲ್ಲ. ಒಲೆಯ ಮುಂದಿನಿಂದ ಕೇಳಿದಳು, "ಮಂದಿ ಹೆಸರು ನೀವು ಬರೀಬೌದೇನ್ರಿ?"

"ಜಲ್ಮೆಲ್ಲಾ ಮಂದಿ ಹೆಸರಽ ಬರದೀನಲ್ಲ ಮತ್ತ."

"ಅವರು ಬರೀ ಅಂತ ಹೇಳಿದ್ರು, ಬರದ್ರಿ. ಇವರು ಹೇಳ್ಯಾರೇನು?"

ಅಪ್ಪ ಕ್ಯಾಲೆಂಡರನ್ನು ಸುತ್ತಿ ಇಟ್ಟ. ಆದರೂ ಎಳ್ಳಮಾಸಿಗೆ ಎಂಟು ದಿನ ಇರುವಾಗ, ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಹಲಗೆಯ ಮುಂದೆ ಕೂತ. ಪೆನ್ಸಿಲ್ಲನ್ನು ಬ್ಲೇಡಿನಿಂದ ಕೆತ್ತಿದ. ನನ್ನನ್ನು ಬೆಳಕಿಗೆ ಅಡ್ಡ ಬರದಂತೆ ಎಡಕ್ಕೆ ಕೂರಿಸಿಕೊಂಡ. ಪೆನ್ಸಿಲ್ ಕಾಗದಕ್ಕೆ ತಾಗುವಾಗ ಅವನ ಕೈ ನಡುಗಿತು. ಅದು ಬೇಕೆಂದು ತರಿಸಿಕೊಂಡ ನಡುಕವಲ್ಲ. ಇಪ್ಪತ್ತು ವರ್ಷ ಮೂರು ಊರಿನ ಗೋಡೆಗಳ ಮೇಲೆ ನಡುಗದ ಕೈ ಒಂದು ಬೆರಳುದ್ದದ ಹೆಸರಿಗೆ ನಡುಗಿದ್ದನ್ನು ನಾನು ಮೊಳದಷ್ಟು ಹತ್ತಿರದಿಂದ ನೋಡಿದೆ. ಕಾಲುವೆಯಲ್ಲಿ ನೀರು ಬಿಟ್ಟ ಹಾಗೆ ಕರಿ ಗೆರೆ ಹರಿದು ಹೋಯಿತು. ಕಡೆಯ ತಿರುವಿನಲ್ಲಿ ಮಾತ್ರ ಕೂದಲೆಳೆಯಷ್ಟು ದಾರಿ ಬಿಟ್ಟು ಹೊರಗೆ ಬಂತು.

ಅಪ್ಪ ಉಸಿರು ಬಿಟ್ಟ. "ತಪ್ಪಿತು," ಎಂದ. ನಾನು ಹಿಟ್ಟಿನ ಉಂಡೆ ತರಲೇ ಎಂದು ಕೇಳಲಿಲ್ಲ.

ಗಾಜು ಹಾಕಿ, ಮೊಳೆ ಹೊಡೆದು, ಪಡಸಾಲೆಯ ಗೋಡೆಗೆ ತೂಗು ಹಾಕಿದೆವು.

ಎಳ್ಳಮಾಸಿಯ ಹಿಂದಿನ ದಿನ ಮಧ್ಯಾಹ್ನ ಫ್ರಾನ್ಸಬಾಯಿ ಬಂದರು. ಜೊತೆಗೆ ಸಂಗಪ್ಪ ಮಾಸ್ತರ್. ಅವ್ವ ಮರುದಿನ ಹೊಲದಲ್ಲಿ ಚೆಲ್ಲುವ ಚರಗಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟುತ್ತಿದ್ದಳು. ಮನೆಯೆಲ್ಲ ಹುರಿದ ಎಳ್ಳಿನ ವಾಸನೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಮಾಸ್ತರ್ ಅಪ್ಪನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದರು. ನಾನು ಅಪ್ಪನ ಪಕ್ಕದಲ್ಲಿದ್ದೆ, ಕೇಳಿಸಿತು.

"ಅವರ ತಂದಿ ಹೋದ ತಿಂಗಳು ತೀರ್ಕೊಂಡ್ರಂತ."

ಅಪ್ಪ ಅವರನ್ನು ಒಳಗೆ ಕರೆದ.

ಫ್ರಾನ್ಸಬಾಯಿ ಚಿತ್ರದ ಮುಂದೆ ನಿಂತರು. ಆಮೇಲೆ ಬೆರಳನ್ನು ಗಾಜಿನ ಮೇಲೆ, ದಸ್ಕತ್ತಿನ ಕೆಳಗೆ ಇಟ್ಟು ಏನೋ ಹೇಳಿದರು.

ಮಾಸ್ತರ್ ಹೇಳಿದರು, "ಇದನ್ನ ಬರದ ಮ್ಯಾಲ ಅವರ ತಂದಿ ಪೆನ್ಸಿಲ್ ಹಿಡೀಲಿಲ್ಲಂತ. ಕಡೀದು ಇದಽ ಅಂತ."

ಹೊರಗೆ ರಸ್ತೆಯಲ್ಲಿ ಭತ್ತದ ಹುಲ್ಲು ಹೇರಿದ ಒಂದು ಟ್ರ್ಯಾಕ್ಟರ್ ಹೋಯಿತು. ಅಪ್ಪ ಮಾಸ್ತರ್ ಹತ್ತಿರ ಬಂದ.

"ಮಾಸ್ತರ್ರ, ಅದು ನಾ ಬರದದ್ದು ಅಂತ ಹೇಳ್ರಿ."

"ಏನಂದ್ರಿ?"

"ಆ ದಸ್ಕತ್ತು ನಾ ಬರದದ್ದು. ಅವರ ತಂದಿ ಬರದದ್ದು ಒರಸಿ ಹೋಗೈತಿ. ಹೇಳ್ರಿ."

ಮಾಸ್ತರ್ ದನಿ ಇಳಿಸಿದರು. "ಈರಣ್ಣಾ, ಈಗ ಹೇಳಬೇಕೇನ್ರಿ ಇದನ್ನ? ಅವರಿಗೇನೂ ಗೊತ್ತಾಗಿಲ್ಲ."

"ಅವರು ಬದುಕಿದ್ರ ಸುಮ್ಮನಿರ್ತಿದ್ದೆನೇನೋ. ಇನ್ನೊಂದು ಹಾಕ್ತಿದ್ರು ಅವರು. ಈಗ ಆ ಬಾಯಾರು ನನ್ನ ಕೈ ಮುಟ್ಟಿ ಅಪ್ಪಂದು ಅನ್ನಾಕತ್ತಾರ. ಹೆಂಗ ಸುಮ್ಮನಿರಲ್ರಿ? ಹೇಳ್ರಿ. ಒರಸಿದಾಂವ ನಾನಽ ಅಂತನೂ ಹೇಳ್ರಿ."

ನನ್ನ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದು ಸಲ. ಅವನು ನನ್ನ ಕಡೆ ನೋಡಲಿಲ್ಲ. ನನಗೆ ಏನಾಯಿತೆಂದು ವಿವರಿಸಲು ಬರುವುದಿಲ್ಲ. ಮಾತು ತಾನಾಗಿ ಬಂತು.

"ಅಲ್ರಿ ಸರ, ಅಪ್ಪ ಒರಸಿಲ್ಲ. ನಾ ಒರಸೀನಿ. ಹಿಟ್ಟಿನ ಉಂಡಿಲೆ."

"ಶರಣಿ, ನೀ ಸುಮ್ಮನಿರು," ಎಂದ ಅಪ್ಪ.

"ಇಲ್ರಿ ಸರ, ನಾನಽ. ಕೋಳಿ ತಿಂತು."

ಮಾಸ್ತರ್ ನಮ್ಮಿಬ್ಬರನ್ನೂ ನೋಡಿದರು. "ಒಬ್ಬರು ಹೇಳ್ರಿ. ಯಾರು ಒರಸಿದ್ರು ಅಂತ ಹೇಳ್ಲಿ ನಾನು? ಅದರಾಗ ಕೋಳಿ ಬ್ಯಾರೆ."

ಅಷ್ಟರಲ್ಲಿ ನನಗೆ ಮೂರು ವಾರದ ಅಳು ಒಟ್ಟಿಗೆ ಬಂತು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಮಾಸ್ತರ್ ಒಂದೊಂದೇ ಮಾತು ಜೋಡಿಸಿ ಹೇಳತೊಡಗಿದರು. ಅವರು ಹೇಳಿದ ಇಂಗ್ಲಿಷ್ ನನಗೆ ತಿಳಿಯಲಿಲ್ಲ. ಆದರೆ ನಡುವೆ ಅವರು ಹಿಟ್ಟು ನಾದುವ ಹಾಗೆ, ಒತ್ತಿ ಎತ್ತುವ ಹಾಗೆ, ಕೋಳಿ ಕುಕ್ಕುವ ಹಾಗೆ ಕೈ ಮಾಡಿದ್ದರಿಂದ ಒಂದೂ ಬಿಡದೆ ಹೇಳಿದರೆಂದು ನನಗೆ ಗೊತ್ತಾಯಿತು.

ಫ್ರಾನ್ಸಬಾಯಿ ಅತ್ತರೋ ಇಲ್ಲವೋ ಖಚಿತವಾಗಿ ಹೇಳಲಾರೆ. ಬಾಗಿಲ ಬೆಳಕು ಅವರ ಬೆನ್ನ ಹಿಂದಿತ್ತು. ಚೌಕಟ್ಟು ಬಿಚ್ಚಬಹುದೇ ಎಂದು ಕೇಳಿದರು. ಅಪ್ಪ ಮೊಳೆ ಕಿತ್ತು, ಕಾಗದವನ್ನು ಹೊರಗೆ ತೆಗೆದು, ಬೆಳಿಗ್ಗೆಯ ಬಿಸಿಲಿಲ್ಲದ್ದರಿಂದ ಬ್ಯಾಟರಿ ತಂದು ಪಕ್ಕದಿಂದ ಬೆಳಕು ಹಿಡಿದ. ಅವರು ಬಗ್ಗಿದರು. ಕಡೆಯ ತಿರುವಿನಲ್ಲಿ ಅಪ್ಪನ ಕರಿ ಗೆರೆ ಹೊರಗೆ ಸರಿದ ಕಡೆ, ಪಕ್ಕದಲ್ಲಿ ಬರಿದಾದ ಆ ಸಣ್ಣ ಕಾಲುವೆ ಕಾಣುತ್ತಿತ್ತು. ಅದರೊಳಗೆ ಉಗುರು ಇಟ್ಟು ಮೆಲ್ಲಗೆ ಎಳೆದರು. ಆಮೇಲೆ ಮಾತಾಡಿದರು. ಮಾಸ್ತರ್ ಹೇಳುತ್ತ ಹೋದರು.

"ಅವರ ತಂದಿ ಭಾಳ ಒತ್ತಿ ಬರೀತಿದ್ರಂತ. ಎಷ್ಟು ಪೆನ್ಸಿಲ್ ಮುರೀತೀರಿ ಅಂತ ಅವರ ತಾಯಿ ಬೈತಿದ್ರಂತ... ಈ ಹುಡುಗಿ ಒತ್ತಿ ಎತ್ತಿದ್ದಕ್ಕ ಉಳದೈತಿ, ಉಜ್ಜಿದ್ರ ಇದೂ ಹೋಗತಿತ್ತು ಅಂತಾರ... ಈರಣ್ಣಾ, ಇಲ್ಲಿ ನಿಮ್ಮ ಕೈ ಹೊರಗ ಬಂದೈತಂತ."

"ಹೌದ್ರಿ. ಅಲ್ಲಿ ನಂದು ತಪ್ಪಿತು. ಒರಸಿ ಬಿಡ್ಲೇನ್ರಿ ಎಲ್ಲಾ?"

ಮಾಸ್ತರ್ ಕೇಳಿದರು. ಅವರು ತಲೆ ಅಲ್ಲಾಡಿಸಿದರು. ಅದಕ್ಕೆ ಅರ್ಥ ಹೇಳಬೇಕಿರಲಿಲ್ಲ. ಆದರೂ ಮಾಸ್ತರ್ ಹೇಳಿದರು, "ಬ್ಯಾಡಂತ. ಹಂಗಽ ಇರಲಿ ಅಂತ."

ಆಮೇಲೆ ಅವರು ನನ್ನ ಮುಂದೆ ಮೊಣಕಾಲೂರಿ ಕೂತು, ಹೇಗೆ ಒರೆಸಿದೆ, ತೋರಿಸು ಎಂದು ಕೈಸನ್ನೆ ಮಾಡಿದರು. ಅವ್ವ ಒಂದು ಉಂಡೆ ಕೊಟ್ಟಳು. ನಾನು ಅಭ್ಯಾಸದ ಕ್ಯಾಲೆಂಡರಿನ ಹಾಳೆ ತಂದು, ಅಪ್ಪ ಬರೆದಿದ್ದ ಒಂದು ದಸ್ಕತ್ತನ್ನು ಒತ್ತಿ ಎತ್ತಿ ತೋರಿಸಿದೆ. ಅವರೂ ಒಂದನ್ನು ಒರೆಸಿದರು. ಆಯಿ ನೋಡಿ, "ಬರೋಬ್ಬರಿ ಒರಸತಾಳ ಈಕಿ. ಅಂಗಡ್ಯಾಗ ಇಟ್ಕೋ ಈರಣ್ಣಾ," ಎಂದಳು. ಅದನ್ನು ಮಾಸ್ತರ್ ಇಂಗ್ಲಿಷಿಗೆ ಮಾಡಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಖಾರದ ಚಟ್ನಿಪುಡಿ ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಸಂಜೆಯ ಬಸ್ಸಿಗೆ ಅವರು ಹೋದರು. ಎರಡು ವರ್ಷ ಕಾಗದ ಬಂದವು. ಆಮೇಲೆ ನಿಂತವು.

ಅಪ್ಪ ಆ ಬಗ್ಗೆ ಮತ್ತೆ ಎಂದೂ ಮಾತೆತ್ತಲಿಲ್ಲ. ನನಗೆ ಗೆರೆ ತೆಗೆಯುವ ಕೆಲಸ ಕೊಡುವುದನ್ನೂ ನಿಲ್ಲಿಸಲಿಲ್ಲ. ಮಾರನೇ ವಾರವೇ ಗೊರೇಬಾಳದವರೊಬ್ಬರ ಟ್ರೇಲರಿಗೆ ಕರೆದುಕೊಂಡು ಹೋದ. ನನಗೆ ಕೈ ಬರಲಿಲ್ಲ, ಉಂಡೆ ಹಿಡಿದು ನಿಂತೆ. ಅಪ್ಪ ಬ್ರಷ್ಷು ತೊಳೆಯುತ್ತ, ತಿರುಗಿ ನೋಡದೆ, "ತೆಗಿ ತೆಗಿ, ಅದು ತೆಗಿಯೋ ಗೆರಿನಽ," ಎಂದ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಒಂದು ತಾಸಿನಲ್ಲಿ ಬೋರ್ಡು. ಅಪ್ಪ ಕೆಲವು ವರ್ಷ ಬಾವಿಯ ಪಂಪ್‌ಹೌಸುಗಳ ಮೇಲೆ, ಶಾಲೆಯ ಗೋಡೆಗಳ ಮೇಲೆ ಬರೆದ. ಅವನು ತೀರಿಕೊಂಡು ಈಗ ಆರು ವರ್ಷ. ನಾನು ಲಿಂಗಸುಗೂರಿನಲ್ಲಿ ಶಾಲೆಯಲ್ಲಿ ಕಲಿಸುತ್ತೇನೆ. ಕಳೆದ ಬೇಸಿಗೆಯ ರಜೆಯಲ್ಲಿ, ಅಪ್ಪ ಬರೆದದ್ದು ಎಲ್ಲಾದರೂ ಒಂದು ಉಳಿದಿದೆಯೇ ಎಂದು ನೋಡಲು ಹೊರಟೆ. ಸಿಂಧನೂರಿನ ಬಜಾರವನ್ನು ಎರಡು ಸಲ ಸುತ್ತಿದೆ. ಮಸ್ಕಿಗೆ ಹೋದೆ. ಸಂತೆಕಲ್ಲೂರಿನಲ್ಲಿ ಒಂದು ಹಿಟ್ಟಿನ ಗಿರಣಿಯ ಬಾಗಿಲ ಮೇಲೆ ಇದೆ ಎಂದು ಯಾರೋ ಹೇಳಿದರು, ಆಟೊದಲ್ಲಿ ಅಲ್ಲಿಗೂ ಹೋದೆ. ಬಾಗಿಲು ಬದಲಾಗಿತ್ತು. ಹಳೆಯದನ್ನು ಏನು ಮಾಡಿದಿರಿ ಎಂದು ಕೇಳಿದೆ. "ಮೋಡಕಾಕ ಹಾಕಿದ್ವಿರಿ ಅಕ್ಕಾರ," ಎಂದ ಗಿರಣಿಯವನು. ಅದು ಗುಜರಿಗೆ ಹೋಗಿತ್ತು. ಹಿಟ್ಟಿನಿಂದ ಬೆಳ್ಳಗಾದ ಕೈಯಲ್ಲೇ ನನಗೆ ನೀರು ಕೊಟ್ಟ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯಿಂದ ನೋಡುತ್ತ ಬಂದೆ. ಅಂಗಡಿಗಳ ಹೆಸರು ಬೇರೆ ಬೇರೆ, ಅಕ್ಷರ ಒಂದೇ. ಈಗ ಊರಿನ ಹೆಸರುಗಳೆಲ್ಲ ಒಬ್ಬನೇ ಬರೆದ ಹಾಗೆ ಇವೆ, ಆ ಒಬ್ಬನು ಮಾತ್ರ ಎಲ್ಲೂ ಇಲ್ಲ. ದೀರ್ಘ ನೋಡಿ ಇಂಥವರ ಕೈ ಎನ್ನುವ ಕಣ್ಣುಗಳೂ ಹೋದವು. ಅಪ್ಪ ತನ್ನ ಹೆಸರನ್ನು ತಾನೇ ಬರೆದದ್ದು ನನ್ನ ಹತ್ತಿರ ಒಂದೂ ಇಲ್ಲ. ಶಾಲೆಯ ಮಾರ್ಕ್ಸ್ ಕಾರ್ಡುಗಳನ್ನು ತೆಗೆದು ನೋಡಿದೆ, ಎಲ್ಲದರ ಮೇಲೂ ಅವ್ವನ ಸಹಿ. ಅಪ್ಪ ಆ ಹೊತ್ತಿಗೆ ಯಾವುದೋ ನಿಚ್ಚಣಿಕೆಯ ಮೇಲೆ ಇರುತ್ತಿದ್ದ.

ಚಿತ್ರ ನನ್ನ ಮನೆಯ ಗೋಡೆಯ ಮೇಲಿದೆ. ಬಂದವರಲ್ಲಿ ತಿಳಿದವರು ಕೆಲವರು ಹತ್ತಿರ ಹೋಗಿ, ಬಗ್ಗಿ, "ಫ್ರಾನ್ಸಿನವರ ಒರಿಜಿನಲ್ ಸಹಿಯೇನ್ರಿ ಇದು?" ಎಂದು ಕೇಳುತ್ತಾರೆ.

"ಅಲ್ರಿ," ಎನ್ನುತ್ತೇನೆ. "ಸಿಂಧನೂರಿನವರದು."